ಆಟದ ವಿಡಿಯೋ ನಡುವೆ ನಿಂತರೆ

ಯೂಟ್ಯೂಬಿನಲ್ಲಿ ಯಕ್ಷಗಾನದ ವಿಡಿಯೋ ನಡುವೆ ನಿಲ್ಲುತ್ತದೆ, ನೆಟ್ ಕೆಟ್ಟಿದೆಯೇ ಎಂದು ಕುಂಬಳೆಯಿಂದ ಕೇಳಿದ್ದೀರಿ. ನಿಮ್ಮ ನೆಟ್‌ನ ದೋಷವಲ್ಲ ಅದು. ಯಕ್ಷಗಾನದ ನಡುವೆ ‘ಆಡ್ ಬ್ಲಾಕರ್ ತೆಗೆಯಿರಿ’ (ಜಾಹೀರಾತು ತಡೆಯುವ ಸಾಧನ ತೆಗೆಯಿರಿ) ಎಂದು ಯೂಟ್ಯೂಬ್ ತಡೆಯುವುದಕ್ಕೆ ಕಾರಣ ಬಹುಶಃ ಹಳಸಿದ ಫಿಲ್ಟರ್ ಪಟ್ಟಿ (ಏನನ್ನು ತಡೆಯಬೇಕೆಂದು ಬ್ಲಾಕರ್‌ಗೆ ಹೇಳುವ ಪಟ್ಟಿ), ಇಲ್ಲವೇ ಎರಡೆರಡು ಬ್ಲಾಕರ್. ಕ್ರೋಮಿನಲ್ಲಿ ಇನ್ನು ಹೆಣಗಬೇಡಿ; 2025ರಲ್ಲಿ ಅದು ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್‌ಗೆ ಬೆಂಬಲ ನಿಲ್ಲಿಸಿತು, ಅದರ ಹಗುರ ರೂಪ ‘ಲೈಟ್’ನ ಶಕ್ತಿ ಕಡಿಮೆ.

ಫೈರ್‌ಫಾಕ್ಸ್ ಹಾಕಿ, ಅದರಲ್ಲಿ ಯುಬ್ಲಾಕ್ ಒರಿಜಿನ್ ಒಂದೇ ಇರಲಿ. ಬೇರೆ ಬ್ಲಾಕರ್‌ಗಳಿದ್ದರೆ ತೆಗೆದುಬಿಡಿ, ಅವು ಒಂದರ ಕೆಲಸ ಇನ್ನೊಂದು ಕೆಡಿಸುತ್ತವೆ. ಆಮೇಲೆ ಯುಬ್ಲಾಕ್‌ನ ಸೆಟ್ಟಿಂಗ್ಸ್ ಪುಟವಾದ ಡ್ಯಾಶ್‌ಬೋರ್ಡ್‌ನಲ್ಲಿ ‘ಫಿಲ್ಟರ್ ಲಿಸ್ಟ್ಸ್’ ತೆರೆದು ಮೊದಲು ‘ಪರ್ಜ್ ಆಲ್ ಕ್ಯಾಶಸ್’, ನಂತರ ‘ಅಪ್‌ಡೇಟ್ ನೌ’ ಒತ್ತಿ. ನೀವೇ ಬರೆದ ಫಿಲ್ಟರ್‌ಗಳಿದ್ದರೆ ಅಳಿಸಿ. ಯೂಟ್ಯೂಬ್ ಟ್ಯಾಬ್ ಮುಚ್ಚಿ ಮತ್ತೆ ತೆರೆಯಿರಿ.

ಸಂದೇಶ ಮತ್ತೆ ಬಂದರೆ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಅಪ್‌ಡೇಟ್ ಮಾಡಿ. ಯೂಟ್ಯೂಬ್‌ನವರು ತಡೆ ಬದಲಿಸಿದಂತೆ ಪಟ್ಟಿಯೂ ಬದಲಾಗುತ್ತದೆ. ಫೋನಿನ ಯೂಟ್ಯೂಬ್ ಆ್ಯಪ್‌ಗೆ ಇದು ತಾಗುವುದಿಲ್ಲ, ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲೇ ನೋಡಿ.