ಕಪ್ಪು ಪರದೆಯ ಐ3ಯಲ್ಲಿ ಕನ್ನಡ ಟೈಪಿಂಗ್

ಪ್ರಶ್ನೆ: ಉಡುಪಿಯ ರಥಬೀದಿಯ ಬಳಿ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಹಳೆಯ ಲ್ಯಾಪ್‌ಟಾಪಿನ ಡೆಬಿಯನ್ ಲಿನಕ್ಸ್‌ನಲ್ಲಿ ಐ3 ಎಂಬ ಟೈಲಿಂಗ್ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ಹೆಂಚಿನಂತೆ ಜೋಡಿಸುವ ತಂತ್ರಾಂಶ) ಹಾಕಿಕೊಂಡ ಮೇಲೆ ಬರೀ ಕಪ್ಪು ಪರದೆ ಕಾಣುತ್ತದೆ. ಕನ್ನಡ ಟೈಪಿಂಗ್ ಕೂಡ ನಿಂತುಹೋಗಿದೆ. ಪರಿಹಾರವೇನು?

ಉತ್ತರ: ಕಪ್ಪು ಪರದೆ ದೋಷವಲ್ಲ. ಐ3ಯಲ್ಲಿ ಐಕಾನುಗಳಾಗಲಿ ಸ್ಟಾರ್ಟ್ ಮೆನುವಾಗಲಿ ಇರುವುದಿಲ್ಲ; ಮೊದಲ ಲಾಗಿನ್‌ನಲ್ಲಿ ಅದು ಕೇಳುವ ಮುಖ್ಯ ಕೀಲಿಯಾಗಿ ವಿಂಡೋಸ್ ಕೀಯನ್ನು ಆರಿಸಿಕೊಂಡಿದ್ದರೆ, ಅದರೊಂದಿಗೆ ಎಂಟರ್ ಒತ್ತಿದಾಗ ಟರ್ಮಿನಲ್ಲೂ (ಆದೇಶಗಳನ್ನು ಟೈಪಿಸುವ ಕಿಟಕಿ), ಡಿ ಒತ್ತಿದಾಗ ತಂತ್ರಾಂಶಗಳ ಪಟ್ಟಿಯೂ ತೆರೆದುಕೊಳ್ಳುತ್ತವೆ.

ಕನ್ನಡದ ತೊಡಕು ಸ್ವಲ್ಪ ಸೂಕ್ಷ್ಮವಾದುದು. ಗ್ನೋಮ್ ಎಂಬ ಡೆಸ್ಕ್‌ಟಾಪ್, ಕನ್ನಡದಂಥ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ತಂತ್ರಾಂಶವನ್ನು ತಾನಾಗಿಯೇ ಚಾಲೂ ಮಾಡುತ್ತದೆ, ಐ3 ಆ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ಟರ್ಮಿನಲ್ಲಿನಲ್ಲಿ ‘ಇಮ್-ಕಾನ್ಫಿಗ್’ (im-config) ಓಡಿಸಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಒಳಬನ್ನಿ. ಬಳಿಕ ‘ಐಬಸ್-ಸೆಟಪ್’ನಲ್ಲಿ (ibus-setup) ನಿಮಗೆ ರೂಢಿಯಾದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವನ್ನು ಸೇರಿಸಿ. ಅದು ಪಟ್ಟಿಯಲ್ಲಿ ಕಾಣಿಸದಿದ್ದರೆ ‘ಐಬಸ್-ಎಂ17ಎನ್’ (ibus-m17n) ಪ್ಯಾಕೇಜನ್ನು ಹಾಕಿಕೊಳ್ಳಬೇಕು. ಇಷ್ಟಾದರೂ ಭಾಷೆ ಬದಲಾಗದಿದ್ದರೆ ಗಾಬರಿ ಬೇಡ: ಐಬಸ್ ಭಾಷೆ ಬದಲಿಸಲು ಬಳಸುವ ವಿಂಡೋಸ್ ಕೀ ಮತ್ತು ಸ್ಪೇಸ್ ಜೋಡಿಯನ್ನೇ ಐ3 ತೇಲುವ ಕಿಟಕಿಗೂ ಹೆಂಚಿನಂತೆ ಜೋಡಿಸಿದ ಕಿಟಕಿಗೂ ನಡುವೆ ಓಡಾಡಲು ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ. ಐಬಸ್‌ನಲ್ಲಿ ಅದನ್ನು ಕಂಟ್ರೋಲ್ ಮತ್ತು ಸ್ಪೇಸ್‌ಗೆ ಬದಲಿಸಿ.

ಇನ್ನೊಂದು ಮಾತು. ಮೌಸ್ ಸರಿದ ಕಡೆಗೆ ಟೈಪಿಂಗೂ ಜಾರಿಹೋಗುವುದು ಡಿಟಿಪಿಯವರಿಗೆ ನಿಜಕ್ಕೂ ಕಿರಿಕಿರಿ. ಐ3ಯ ಕಾನ್ಫಿಗ್ (ಹೊಂದಾಣಿಕೆಗಳ) ಕಡತದಲ್ಲಿ ‘ಫೋಕಸ್ ಫಾಲೋಸ್ ಮೌಸ್’ ಆಯ್ಕೆಗೆ ‘ನೋ’ ಎಂದು (focus_follows_mouse no) ಬರೆದು, ವಿಂಡೋಸ್ ಕೀ, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ನಿಲ್ಲುತ್ತದೆ.