ಫೈನಲ್‌ನಲ್ಲಿ ಕೋಚೇ ಗೋಲು ಕಾದ ಕಥೆ ನಿಜವೇ?

ಐಸ್ ಹಾಕಿ ಫೈನಲ್‌ನಲ್ಲಿ ತಂಡದ ಕೋಚೇ ಗೋಲ್‌ಕೀಪರ್ ಆಗಿ ಆಡಿದ್ದರಂತೆ, ನಿಜವೇ, ಅವರು ಮೊದಲು ಆಟಗಾರರಾಗಿದ್ದರೇ ಎಂದು ಕೇಳಿದ್ದೀರಿ. ಎರಡೂ ನಿಜ. ಅವರ ಹೆಸರು ಲೆಸ್ಟರ್ ಪ್ಯಾಟ್ರಿಕ್, ಕೆನಡಾದವರು.

1928ರ ಏಪ್ರಿಲ್ 7, ಐಸ್ ಹಾಕಿಯ ಅತಿ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ನ ಎರಡನೇ ಪಂದ್ಯ. ಪ್ಯಾಟ್ರಿಕ್ ಆಗ ನ್ಯೂಯಾರ್ಕ್ ರೇಂಜರ್ಸ್ ಕೋಚ್. ನ್ಯೂಯಾರ್ಕ್‌ನ ಅವರ ಅಂಗಳದಲ್ಲಿ ಸರ್ಕಸ್ ನಡೆಯುತ್ತಿದ್ದರಿಂದ ಐದೂ ಪಂದ್ಯ ಎದುರಾಳಿ ಮರೂನ್ಸ್ ಊರಾದ ಮಾಂಟ್ರಿಯಲ್‌ನಲ್ಲೇ! ಮರೂನ್ಸ್‌ನ ನೆಲ್ಸ್ ಸ್ಟುವರ್ಟ್ ಹೊಡೆದ ಪಕ್ (ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರ್ ಬಿಲ್ಲೆ) ರೇಂಜರ್ಸ್ ಗೋಲ್‌ಕೀಪರ್ ಲೋರ್ನ್ ಶಾಬೋ ಕಣ್ಣಿಗೇ ಬಡಿಯಿತು. ಆಗ ಗೋಲ್‌ಕೀಪರ್‌ಗಳು ಮಾಸ್ಕ್ ಹಾಕುತ್ತಿರಲಿಲ್ಲ. ತಂಡದಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಕೂಡ ಇರಲಿಲ್ಲ. ಪಂದ್ಯ ನೋಡಲು ಬಂದಿದ್ದ ಒಟ್ಟಾವ ತಂಡದ ಅಲೆಕ್ ಕಾನೆಲ್ ಅವರನ್ನು ಆಡಿಸುತ್ತೇವೆ ಎಂದರೆ ಮರೂನ್ಸ್ ಒಪ್ಪಲಿಲ್ಲ. ಕೊನೆಗೆ 44 ವರ್ಷದ ಪ್ಯಾಟ್ರಿಕ್ ತಾವೇ ಪ್ಯಾಡ್ ಕಟ್ಟಿ ಇಳಿದರು. ಬಿಟ್ಟುಕೊಟ್ಟಿದ್ದು ಒಂದೇ ಗೋಲು. ಹೆಚ್ಚುವರಿ ಸಮಯದಲ್ಲಿ ಫ್ರಾಂಕ್ ಬೂಷೇ ಗೋಲು ಹೊಡೆದರು, ರೇಂಜರ್ಸ್ 2-1ರಿಂದ ಗೆದ್ದರು. ಆ ವರ್ಷದ ಕಪ್ಪೂ ಅವರದೇ ಆಯಿತು.

ಆದರೆ ಆ ಒಂದು ರಾತ್ರಿಗಷ್ಟೇ ಅವರನ್ನು ನೆನೆಯುವುದು ನನಗೆ ಬೇಸರದ ವಿಷಯ. ಅವರ ದೊಡ್ಡ ಕೆಲಸ ಅದಕ್ಕೂ ಮೊದಲೇ ಆಗಿತ್ತು.

ಆಟಗಾರನಾಗಿ ಅವರು 1906 ಮತ್ತು 1907ರಲ್ಲಿ ಮಾಂಟ್ರಿಯಲ್ ವಾಂಡರರ್ಸ್ ಜೊತೆ ಸ್ಟ್ಯಾನ್ಲಿ ಕಪ್ ಗೆದ್ದವರು. ಡಿಫೆನ್ಸ್‌ನವರು ಹಿಂದೆಯೇ ನಿಲ್ಲುತ್ತಿದ್ದ ಕಾಲದಲ್ಲಿ ತಾವೇ ಪಕ್ ತಗೊಂಡು ಮುನ್ನುಗ್ಗುತ್ತಿದ್ದರು. 1911ರಲ್ಲಿ ತಮ್ಮನಾದ ಫ್ರಾಂಕ್ ಪ್ಯಾಟ್ರಿಕ್ ಜೊತೆ ಸೇರಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಹೊಸ ಲೀಗ್ ಕಟ್ಟಿದರು. ದುಡ್ಡು ಬಂದಿದ್ದು ಅಪ್ಪನ ಮರದ ವ್ಯಾಪಾರದಿಂದ. ಅಲ್ಲಿ ಚಳಿ ಕಮ್ಮಿ, ಕೆರೆ ಹೆಪ್ಪುಗಟ್ಟುವುದನ್ನು ನಂಬಿ ಲೀಗ್ ನಡೆಸಲಾಗುತ್ತಾ? ಅದಕ್ಕೇ ವಿಕ್ಟೋರಿಯಾ, ವ್ಯಾಂಕೂವರ್‌ಗಳಲ್ಲಿ ಯಂತ್ರದಿಂದ ಐಸ್ ಮಾಡುವ ಅಂಗಳ ಕಟ್ಟಿದರು. ಕೆನಡಾದಲ್ಲಿ ಅಂಥವು ಅವೇ ಮೊದಲು.

ನಿಯಮಗಳನ್ನೂ ಬದಲಿಸಿದರು. ಅಲ್ಲಿಯವರೆಗೆ ಪಕ್ ಅನ್ನು ಮುಂದಕ್ಕೆ ಪಾಸ್ ಮಾಡುವ ಹಾಗೇ ಇರಲಿಲ್ಲ. ಇವರು ಐಸ್ ಮೇಲೆ ಎರಡು ಗೆರೆ ಎಳೆದು, ನಡುವಿನ ಭಾಗದಲ್ಲಿ ಅದಕ್ಕೆ ಅವಕಾಶ ಕೊಟ್ಟರು. ಇವತ್ತಿನ ಐಸ್ ಹಾಕಿಯ ಆ ವೇಗಕ್ಕೆ ದಾರಿ ಮಾಡಿದ್ದು ಇದೇ ಎಂದು ನಾನು ನಂಬುತ್ತೇನೆ. ಗೋಲ್‌ಕೀಪರ್ ಐಸ್ ಮೇಲೆ ಬಿದ್ದು ಪಕ್ ತಡೆಯಬಹುದು ಎಂದದ್ದೂ ಇವರ ಲೀಗೇ. 1925ರಲ್ಲಿ ಇವರ ಕೋಚಿಂಗ್‌ನಲ್ಲಿ ವಿಕ್ಟೋರಿಯಾ ಕೂಗರ್ಸ್ ಸ್ಟ್ಯಾನ್ಲಿ ಕಪ್ ಗೆದ್ದಿತು. ಉತ್ತರ ಅಮೆರಿಕದ ಮುಖ್ಯ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಹೊರಗಿನ ತಂಡವೊಂದು ಅದನ್ನು ಗೆದ್ದದ್ದು ಅದೇ ಕೊನೆ.

ರೇಂಜರ್ಸ್‌ಗೆ ಅವರು 1939ರವರೆಗೆ ಕೋಚ್ ಆಗಿದ್ದರು, 1933ರಲ್ಲಿ ಮತ್ತೊಂದು ಕಪ್ ಗೆದ್ದರು. 1940ರಲ್ಲಿ ರೇಂಜರ್ಸ್ ಪುನಃ ಗೆದ್ದಾಗ ಇವರು ಮ್ಯಾನೇಜರ್, ಕೋಚ್ ಅದೇ ಬೂಷೇ. ಮಕ್ಕಳಾದ ಲಿನ್ ಮತ್ತು ಮಜ್ ಇಬ್ಬರೂ ಆ ತಂಡದಲ್ಲಿ ಆಡಿದ್ದರು.