ಬೊಲೋನ್ಯಾದಲ್ಲಿ ಸಸ್ಯಾಹಾರಿಗಳ ಊಟ

ಪ್ರಶ್ನೆ: ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗಳನ್ನು ನೋಡಲು ನಾನೂ ನನ್ನ ಪತ್ನಿಯೂ ಅಕ್ಟೋಬರಿನಲ್ಲಿ ಹೊರಟಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು, ನಾನು ಮೊಟ್ಟೆ ತಿನ್ನುತ್ತೇನೆ, ಆಕೆ ತಿನ್ನುವುದಿಲ್ಲ. ಆ ಊರು ಮಾಂಸದ ಅಡುಗೆಗೇ ಹೆಸರುವಾಸಿಯಂತೆ. ಅಲ್ಲಿ ಎಲ್ಲಿ, ಏನು ತಿನ್ನಬಹುದು? ಹಳೆಯ ಕಾಲದ ಪಾನಗೃಹವನ್ನೂ ನೋಡುವ ಆಸೆಯಿದೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕೇಳಿರುವುದು ನಿಜ. ಇಟಲಿಯವರೇ ಆ ಊರನ್ನು ‘ಲಾ ಗ್ರಾಸ್ಸಾ’, ಅಂದರೆ ‘ದಪ್ಪನೆಯವಳು’ ಎಂದು ಕರೆಯುತ್ತಾರೆ. ಆದರೂ ಉಪವಾಸವಿರಬೇಕಾದ ಪ್ರಮೇಯವಿಲ್ಲ. ತೊಂದರೆ ಇರುವುದು ಕಣ್ಣಿಗೆ ಕಾಣುವ ಮಾಂಸದಲ್ಲಲ್ಲ, ಕಾಣದೆ ಬೆರೆತಿರುವ ಪದಾರ್ಥಗಳಲ್ಲಿ.

ಪಿಯಾತ್ಸಾ ಮಜ್ಜೋರೆ ಚೌಕದ ಪೂರ್ವಕ್ಕಿರುವ ಕ್ವಾದ್ರಿಲಾತೆರೊ ಎಂಬ ಹಳೆಯ ಪೇಟೆಯ ಕಿರುಗಲ್ಲಿಗಳಿಂದಲೇ ಆರಂಭಿಸಿ. ಅಲ್ಲಿನ ಅಂಗಡಿಗಳ ಗಾಜಿನ ಹಿಂದೆ ಕೈಯಲ್ಲಿ ಮಡಚಿದ ಹಳದಿ ಬಣ್ಣದ ಪಾಸ್ತಾವನ್ನು ತಟ್ಟೆತಟ್ಟೆಯಾಗಿ ಹರಡಿರುತ್ತಾರೆ. ಅದರಲ್ಲಿ ಉಗುರಿನಷ್ಟು ಚಿಕ್ಕದಾದ ‘ತೊರ್ತೆಲ್ಲೀನಿ’ಯ ಹೂರಣ ಹಂದಿಮಾಂಸದ್ದು, ಅದನ್ನು ಬಡಿಸುವುದೂ ಮಾಂಸದ ಸಾರಿನಲ್ಲಿ. ಅದಕ್ಕಿಂತ ದೊಡ್ಡದಾದ ‘ತೊರ್ತೆಲ್ಲೋನಿ’ಯ ಒಳಗೆ ಸಾಮಾನ್ಯವಾಗಿ ರಿಕೊತ್ತಾ ಚೀಸ್ ಇರುತ್ತದೆ. ಕಾಗುಣಿತದ ಒಂದೇ ವ್ಯತ್ಯಾಸದಲ್ಲಿ ನಿಮ್ಮ ವ್ರತವೇ ಕೆಡಬಹುದಾದ್ದರಿಂದ ಹೆಸರನ್ನು ಎರಡು ಬಾರಿ ಓದಿ. ಬೆಣ್ಣೆಯಲ್ಲಿ ಗರಿಗರಿಯಾದ ಸೇಜ್ ಎಲೆಗಳೊಂದಿಗೆ ಬರುವ ತೊರ್ತೆಲ್ಲೋನಿ, ನನ್ನ ಮಟ್ಟಿಗೆ, ಆ ಊರಿನ ಅತ್ಯುತ್ತಮ ತಿನಿಸು.

ನಿಮ್ಮ ಪತ್ನಿಯವರಿಗೆ ಮಾತ್ರ ಅದು ಸಲ್ಲದು, ಏಕೆಂದರೆ ಬೊಲೋನ್ಯಾದ ತಾಜಾ ಪಾಸ್ತಾದ ಹಿಟ್ಟನ್ನು ಕಲಸುವುದೇ ಮೊಟ್ಟೆಯಲ್ಲಿ. ಅವರು ‘ಪಾಸ್ತಾ ಸೆಕ್ಕಾ’, ಅಂದರೆ ಗಟ್ಟಿ ಗೋಧಿಯ ರವೆ ಮತ್ತು ನೀರಿನಿಂದ ಮಾಡಿದ ಒಣ ಪಾಸ್ತಾವನ್ನು ಟೊಮೆಟೊ ಸಾಸಿನೊಡನೆ ಕೇಳಲಿ. ಮೇಲೆ ಉದುರಿಸುವ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ತಯಾರಿಸುತ್ತಾರೆ. ಬೇಡವೆನಿಸಿದರೆ ಮೊದಲೇ ಹೇಳಿಬಿಡಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಇಷ್ಟೇ ಇರುವ ‘ಮರಿನಾರಾ’ ಪಿಜ್ಜಾದಲ್ಲಿ ಚೀಸಿನ ಗೊಡವೆಯೇ ಇಲ್ಲ. ಈರುಳ್ಳಿ ಮತ್ತು ಟೊಮೆಟೊಗಳನ್ನು ಗಂಟೆಗಟ್ಟಲೆ ಬೇಯಿಸಿದ ‘ಫ್ರಿಜ್ಜೋನೆ’ ನಮ್ಮ ಗೊಜ್ಜನ್ನು ನೆನಪಿಸಿದರೂ ಸಾಂಪ್ರದಾಯಿಕವಾಗಿ ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆ. ಹಿಟ್ಟಿನ ತುಂಡುಗಳನ್ನು ಪೂರಿಯಂತೆ ಕರಿದ ‘ಕ್ರೆಶೆಂತೀನೆ’ಯದ್ದೂ ಅದೇ ಕಥೆ. ‘ಸಸ್ಯಾಹಾರವೇ?’ ಎಂದು ಕೇಳಿ ಸುಮ್ಮನಾಗದೆ ‘ಚೆ ಸ್ತ್ರುತ್ತೊ?’, ಅಂದರೆ ‘ಹಂದಿಯ ಕೊಬ್ಬು ಇದೆಯೇ?’ ಎಂದು ಬಿಡಿಸಿ ಕೇಳಿ. ಹಣ್ಣು, ತರಕಾರಿಗಳಿಗೆ ಮೆರ್ಕಾತೊ ದೆಲ್ಲೆ ಎರ್ಬೆ ಎಂಬ ಮುಚ್ಚುಮಾಡಿನ ಮಾರುಕಟ್ಟೆಯಿದೆ. ಮಗಳ ಮನೆಯಲ್ಲಿ ಒಲೆಯಿದ್ದರೆ ಒಂದೆರಡು ದಿನ ಅನ್ನ, ಸಾರಿಗೂ ಅಡ್ಡಿಯಿಲ್ಲ.

ಪಾನಗೃಹ ನೋಡುವ ಆಸೆಗೆ ಕ್ವಾದ್ರಿಲಾತೆರೊದಲ್ಲೇ ಇರುವ ಓಸ್ತೆರಿಯಾ ದೆಲ್ ಸೋಲೆ ತಕ್ಕುದಾದ ಸ್ಥಳ. 1465ರಷ್ಟು ಹಿಂದಿನದೆಂದು ಹೇಳಲಾಗುವ ಇಲ್ಲಿ ಮಾರುವುದು ಪಾನೀಯವನ್ನು ಮಾತ್ರ; ತಿನ್ನುವುದನ್ನು ಗಿರಾಕಿಗಳೇ ಹೊರಗಿನಿಂದ ಕಟ್ಟಿಸಿಕೊಂಡು ತಂದು ಉದ್ದನೆಯ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಾರೆ. ತಿನ್ನುವುದು ನಿಮ್ಮದೇ ಆದ್ದರಿಂದ ಅನುಮಾನಕ್ಕೆ ಎಡೆಯೇ ಇಲ್ಲ. ಸುತ್ತಲಿನ ಬೆಟ್ಟಗಳ ಪಿನ್ಯೊಲೆತ್ತೊ ಎಂಬ ಬಿಳಿ ವೈನ್ ಇಲ್ಲಿಯ ರೂಢಿ.

ಪ್ರಶ್ನೆ: ಇಟಲಿಯ ಹೋಟೆಲೊಂದರಲ್ಲಿ ನಮ್ಮ ಬಿಲ್ಲಿಗೆ ‘ಕೊಪೆರ್ತೊ’ ಎಂದು ತಲೆಗೆ ಇಷ್ಟೆಂದು ಸೇರಿಸಿದರು. ಇದು ಮೋಸವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲ. ಅದು ಮೇಜು ಮತ್ತು ಬ್ರೆಡ್ಡಿನ ಬಾಬ್ತು. ಮೆನುವಿನಲ್ಲಿ ಮುದ್ರಿಸಿರಬೇಕು, ಇಲ್ಲದಿದ್ದರೆ ಪ್ರಶ್ನಿಸಬಹುದು. ಕಾಫಿಯ ಬೆಲೆಯೂ ಹೀಗೆಯೇ: ನಮ್ಮ ದರ್ಶಿನಿಗಳಲ್ಲಿರುವಂತೆ ಕಟ್ಟೆಯ ಬಳಿ ನಿಂತು ಕುಡಿದರೆ ಅಗ್ಗ, ಕುಳಿತರೆ ಹಲವೆಡೆ ತುಟ್ಟಿ. ಬರಿಯ ‘ಲಾತ್ತೆ’ ಎಂದು ಕೇಳಿದರೆ ಕಾಫಿಯಿಲ್ಲದ ಹಾಲು ಬರುತ್ತದೆ. ಹಾಲು ಬೆರೆಸಿದ ಕಾಫಿ ಬೇಕಾದರೆ ‘ಕಾಫ್ಫೆ ಲಾತ್ತೆ’ ಎನ್ನಿ.